ದೇವರಾಜ ಮಾರ್ಕೆಟ್ ಹತ್ರದ ಹಳೇ ನಾಣ್ಯದ ಅಂಗಡಿ: ಸಿಲೋನ್ ಡಬ್ಬಿ ತೆಗೆಸಿ ನೋಡಿ

ಮಂಡ್ಯದಲ್ಲಿ ನಮ್ಮಪ್ಪಂದು ದಿನಸಿ ಅಂಗಡಿ ಇತ್ತು, ತಾತನ ಕಾಲದಿಂದ ನಡ್ಕೊಂಡು ಬಂದಿದ್ದು, ಮುಚ್ಚಿ ಆರು ವರ್ಷ ಆಯ್ತು. ಗಲ್ಲಾಪೆಟ್ಟಿಗೆ ಮಾತ್ರ ಮನೇಲೇ ಇದೆ, ಹಲಸಿನ ಮರದ್ದು, ಕಾಸು ಹಾಕೋಕೆ ಬಟ್ಟಲ ಥರ ಕೊರೆದಿರೋ ಗುಂಡಿಗಳಿವೆ. ಕಳೆದ ದೀಪಾವಳೀಲಿ ಲಕ್ಷ್ಮಿ ಪೂಜೆಗೆ ಇಡೋಣ ಅಂತ ಅದನ್ನ ಬೋರಲು ಹಾಕಿ ತಟ್ಟಿ ಧೂಳು ತೆಗೀತಿದ್ದೆ, ತಳದ ಹಲಗೆ ಸಂದಿಯಿಂದ ಒಂದು ಚೌಕದ ಕಾಸು ಟಣ್ ಅಂತ ಬಿತ್ತು. ಹಳದಿ ಬಣ್ಣ, ಮೂಲೆಗಳು ದುಂಡಗೆ, ಒಂದ್ಕಡೆ ರಾಜನ ತಲೆ, ಇನ್ನೊಂದ್ಕಡೆ 5 ಅಂತ ಅಂಕಿ, ಸುತ್ತ ಜಿಲೇಬಿ ಥರ ಅಕ್ಷರ. ಅಪ್ಪನಿಗೆ ತೋರಿಸಿದ್ರೆ "ನಿಮ್ ತಾತಂಗೆ ಯಾರೋ ಅರ್ಧಾಣೆ ಅಂತ ಯಾಮಾರ್ಸವ್ರೆ ಕಣ್ಲಾ" ಅಂದ್ರು. ಅದು ಎಲ್ಲಿದು, ಯಾವ ಕಾಲದ್ದು ಅಂತ ತಿಳ್ಕೊಳ್ಳೋಕೆ ಹೊರಟಿದ್ದೇ ನಾನು ಈ ಅಂಗಡಿಗೆ ಹೋಗೋಕೆ ಕಾರಣ, ಈಗ ನಾಲ್ಕು ಸಲ ಹೋಗಿ ಬಂದಿದೀನಿ, ಅದಕ್ಕೇ ಬರೀತಾ ಇದೀನಿ.

ಅಂಗಡಿ ದೇವರಾಜ ಮಾರ್ಕೆಟ್‌ನಿಂದ ನಡೆದು ಹೋಗೋ ದೂರ, ಹೂವಿನ ಸಾಲು ದಾಟಿ ಆಚೆ ಬಂದ್ರೆ ಒಂದು ಓಣಿ, ಅದರಲ್ಲಿ ಪಾತ್ರೆ ಅಂಗಡಿ ಪಕ್ಕ ಮೂರು ಮೆಟ್ಟಿಲು ಹತ್ತಬೇಕು. ಬೋರ್ಡು ಸಣ್ಣದು, ಮೊದಲ್ನೇ ಸಲ ನಾನು ಎರಡು ಸಲ ದಾಟ್ಕೊಂಡು ಹೋಗಿದ್ದೆ. ಒಳಗೆ ಇಬ್ಬರು ಕೂತ್ರೆ ಮೂರನೆಯವರು ನಿಂತ್ಕೋಬೇಕು. ಯಜಮಾನ್ರಿಗೆ ಎಪ್ಪತ್ತರ ಹತ್ರ ವಯಸ್ಸಿರಬಹುದು, ಮುಂದೆ ಒಂದು ಮೇಜು, ಮೇಜಿನ ಮೇಲೆ ಚಿನ್ನದಂಗಡಿ ತಕ್ಕಡಿ (ಈಗಿನ ಕರೆಂಟಿಂದು, ಪಾಯಿಂಟ್ ಲೆಕ್ಕದಲ್ಲಿ ತೋರ್ಸುತ್ತಲ್ಲ ಅದು), ಒಂದು ಭೂತಗನ್ನಡಿ, ಒಂದು ಹತ್ತಿ ಬಟ್ಟೆ. ನಮ್ಮ ಮೈಸೂರಲ್ಲಿ ಹಳೇ ಕಾಸು ಮಾರೋರು ಫುಟ್‌ಪಾತ್ ಮೇಲೂ ಇದಾರೆ, ಆದ್ರೆ ತಕ್ಕಡಿ ಇಟ್ಕೊಂಡು ಕೂತಿರೋರನ್ನ ನಾನು ನೋಡಿದ್ದು ಇವರೊಬ್ಬರನ್ನೇ.

ನಾನು ಚೌಕದ ಕಾಸು ಮುಂದಿಟ್ಟೆ. ಅವರು ತಗೊಂಡು ಅಂಚು ಹಿಡಿದು ತಿರುಗಿಸಿದ್ರು. ಕೊಳ್ಳೋಕೆ ಬಂದಿದೀಯ ಮಾರೋಕೆ ಬಂದಿದೀಯ ಅಂತ ಏನೂ ಕೇಳ್ಲಿಲ್ಲ. "ಸಿಲೋನಿಂದು ಕಣಪ್ಪ, ಐದು ಸೆಂಟು, ಆರನೇ ಜಾರ್ಜು, ಯುದ್ಧದ ಟೈಮಿಂದು" ಅಂದ್ರು. ಸಿಲೋನ್ ಅಂದ್ರೆ ಈಗಿನ ಶ್ರೀಲಂಕಾ. ಜಿಲೇಬಿ ಅಕ್ಷರ ಸಿಂಹಳ, ಇನ್ನೊಂದು ಕಡೆ ಇರೋದು ತಮಿಳು. ನಮ್ಮಲ್ಲೂ ಅದೇ ಯುದ್ಧದ ವರ್ಷಗಳಲ್ಲಿ ಅರ್ಧಾಣೆ ಹಳದಿ ಲೋಹದಲ್ಲಿ ಚೌಕವಾಗಿ ಬಂದಿತ್ತಂತೆ, ಅದಕ್ಕೇ ಗಲ್ಲಾದಲ್ಲಿ ಗೊತ್ತಾಗದೆ ಸೇರ್ಕೊಂಡಿದೆ. ಅವರ ಹತ್ರ ಇದ್ದ ಅರ್ಧಾಣೆ ಒಂದನ್ನ ತೆಗೆದು ಪಕ್ಕ ಇಟ್ಟು ತೋರಿಸಿದ್ರು, ಮಬ್ಬು ಬೆಳಕಲ್ಲಿ ನಾನಾದ್ರೂ ಯಾಮಾರ್ತಿದ್ದೆ.

ಆಗ ನನಗೆ ಹೊಳೆದಿದ್ದು, ಅಲ್ಲ, ನಮ್ಮಲ್ಲಿ ಆಣೆ ಪೈ ಅಂತ ಲೆಕ್ಕ ಹಾಕ್ತಿದ್ದ ಕಾಲಕ್ಕೆ ಅಲ್ಲಿ ಆಗ್ಲೇ ಸೆಂಟು ಹೆಂಗೆ ಬಂತು? ಕೇಳಿದೆ. ಸಿಲೋನ್‌ನಲ್ಲಿ 1872ರ ಜನವರಿ 1ರಿಂದಾನೇ ಒಂದು ರೂಪಾಯಿಗೆ ನೂರು ಸೆಂಟು ಅಂತ ಮಾಡ್ಬಿಟ್ರಂತೆ. ರೂಪಾಯಿ ನಮ್ಮದೇ, ಇಂಡಿಯಾದ ಬೆಳ್ಳಿ ರೂಪಾಯಿ, 1869ರಲ್ಲೇ ಅಲ್ಲಿ ಅದು ಪೂರ್ತಿ ಕಾನೂನುಬದ್ಧ ನಾಣ್ಯ ಆಗಿತ್ತು, ಯಾಕಂದ್ರೆ ಕಾಫಿ ತೋಟಗಳಿಗೆ ತಮಿಳುನಾಡಿಂದ ಹೋಗ್ತಿದ್ದ ಕೂಲಿಯವರು ನಂಬ್ತಿದ್ದಿದ್ದೇ ಆ ರೂಪಾಯೀನ. ಆದ್ರೆ ರೂಪಾಯೀನ ಒಡೆಯೋ ಲೆಕ್ಕ ಅವರದ್ದು ಬೇರೆ. ನಮಗೆ ನೂರು ಪೈಸೆ ಬಂದಿದ್ದು 1957ರ ಏಪ್ರಿಲ್ 1ಕ್ಕೆ. 85 ವರ್ಷ ಮುಂಚೆ! ನಮ್ಮ ತಾತ ಹದಿನಾರಾಣೆ, ನಾಲ್ಕು ಕಾಸು, ಮೂರು ಕಾಸು ಅಂತ ಬೆರಳು ಮಡಚಿ ಎಣಿಸ್ತಿದ್ದಾಗ ಸಮುದ್ರದ ಆಚೆ ದಿನಸಿ ಅಂಗಡಿಯವನು ನೂರರ ಲೆಕ್ಕದಲ್ಲಿ ಸಲೀಸಾಗಿ ಚಿಲ್ಲರೆ ಕೊಡ್ತಿದ್ದ. ಸೆಂಟಿಗೆ ಅವರು ಸಿಂಹಳದಲ್ಲಿ 'ಸತ' ಅಂತಾರೆ, ನಮ್ಮ ಶತ ಇದೆಯಲ್ಲ ಅದೇ.

ಇಷ್ಟು ಮಾತಾಡಿದ ಮೇಲೆ ಅವರು ಕೆಳಗಿನ ಡ್ರಾಯರಿಂದ ಒಂದು ತಗಡಿನ ಡಬ್ಬಿ ತೆಗೆದ್ರು, ಬಿಸ್ಕತ್ ಡಬ್ಬಿ, ಮೇಲೆ ಮಾರ್ಕರಲ್ಲಿ ಸಿಲೋನ್ ಅಂತ ಬರೆದಿದೆ. ಯಾರೂ ಕೇಳಲ್ಲ ಅಂತ ಶೋಕೇಸಲ್ಲಿ ಇಟ್ಟಿಲ್ಲ, ನೀವು ಹೋದ್ರೆ ಬಾಯಿಬಿಟ್ಟು ಕೇಳ್ಬೇಕು. ಇಡೀ ಅಂಗಡೀಲಿ ನನಗೆ ಅತಿ ಇಷ್ಟ ಆಗಿದ್ದು ಆ ಡಬ್ಬಿ.

ಡಬ್ಬೀಲಿ ಮೊದಲು ಕೈಗೆ ಬಂದಿದ್ದು ಮಸ್ಸ ಅನ್ನೋ ತಾಮ್ರದ ಕಾಸುಗಳು. ಎರಡನ್ನ ನನ್ನ ಅಂಗೈಗೆ ಹಾಕಿ, ವ್ಯತ್ಯಾಸ ಹೇಳು ಅಂದ್ರು. ಎರಡೂ ಒಂದೇ ಥರ. ಒಂದು ಮಗ್ಗುಲಲ್ಲಿ ಒಬ್ಬ ನಿಂತಿದಾನೆ, ಮನುಷ್ಯ ಅಂತ ಗೊತ್ತಾಗೋಕೇ ಎರಡು ನಿಮಿಷ ಬೇಕು, ತಲೆ ಒಂದು ಉಬ್ಬು, ಕೈ ಒಂದು ಗೆರೆ, ಕಾಲ ಮಧ್ಯೆ ಪಂಚೆ ನೆರಿಗೆ ಗೆರೆಗೆರೆಯಾಗಿ ಎರಡೂ ಕಡೆ ಇಳಿಬಿದ್ದಿದೆ. ತಿರುಗಿಸಿದ್ರೆ ಅದೇ ಮನುಷ್ಯ ಕೂತಿದಾನೆ, ಎತ್ತಿದ ಕೈಕೆಳಗೆ ನಾಗರಿ ಅಕ್ಷರ. ಭೂತಗನ್ನಡಿ ಕೊಟ್ಟು ಓದು ಅಂದ್ರು. ಮೊದಲ್ನೇದು ಶ್ರೀ ರಾಜರಾಜ. ನಮ್ಮ ಪಕ್ಕದ ಚೋಳ ರಾಜರಾಜ, ಇಂಡಿಯಾದ ಕಾಸು. ಎರಡನೇದರಲ್ಲಿ ಶ್ರೀ, ಅದರ ಕೆಳಗೆ ರಾಜ, ಅದರ ಕೆಳಗೆ ಲೀಲಾವತಿ. ಹೆಣ್ಣುಮಗಳು! ಲಂಕೆಯ ಪೊಲೊನ್ನರುವದಲ್ಲಿ ಆಳಿದ ರಾಣಿ, ದೊಡ್ಡ ಕೆರೆ ಕಟ್ಟಿಸಿದ ಪರಾಕ್ರಮಬಾಹುವಿನ ಹೆಂಡತಿ, ಅವನು ಸತ್ತ ಮೇಲೆ ದಂಡನಾಯಕರು ಇವಳನ್ನ ಸಿಂಹಾಸನದ ಮೇಲೆ ಕೂರ್ಸೋದು, ಇನ್ಯಾರೋ ಬಂದು ಇಳಿಸೋದು, ಹಿಂಗೆ 1197ರಿಂದ 1212ರ ಒಳಗೆ ಮೂರು ಸಲ ಪಟ್ಟಕ್ಕೆ ಬಂದವಳು. ಕಾಸಿನ ಮೇಲೆ ರಾಣಿ ಅಂತ ಇಲ್ಲ, ರಾಜ ಅಂತಾನೇ ಇದೆ, ಚಿತ್ರದಲ್ಲೂ ಹಳೇ ಗಂಡಸರ ಅಚ್ಚೇ, ಹೆಸರು ಮಾತ್ರ ಅವಳದ್ದು. ಆ ಲೀ ಅಕ್ಷರದ ಬಾಲ ಅಂಚಿಗೆ ಹೋಗಿ ಅರ್ಧ ಕತ್ತರಿಸಿಹೋಗಿತ್ತು, ತಾಮ್ರ ಕಂದು ಬಣ್ಣಕ್ಕೆ ತಿರುಗಿ ಬೆಲ್ಲದ ಪಾಕದ ಹಾಗೆ ನುಣ್ಣಗೆ ಹೊಳೀತಿತ್ತು, ನಾನು ಅದನ್ನ ಕೆಳಗಿಡೋಕೇ ಆಗ್ದೆ ಹದಿನೈದು ನಿಮಿಷ ಹಿಡ್ಕೊಂಡಿದ್ದೆ. ಅವರು ಸುಮ್ಮನೆ ಕೂತಿದ್ರು, ಬೇಗ ಹೇಳಪ್ಪ ತಗೊಳ್ತೀಯ ಇಲ್ವಾ ಅಂತ ಒಂದು ಮಾತು ಅನ್ಲಿಲ್ಲ.

ಯಾರು ಯಾರನ್ನ ನೋಡಿ ಅಚ್ಚು ಹಾಕಿದ್ದು ಅಂತ ಕೇಳಿದ್ದಕ್ಕೆ ಬಂದ ಉತ್ತರ ನಾನು ಅಂದ್ಕೊಂಡಿದ್ದಕ್ಕೆ ಉಲ್ಟಾ. ನಿಂತ ರಾಜ, ಕೂತ ರಾಜ, ಈ ಅಚ್ಚು ಮೊದಲು ಲಂಕೆಯ ಕಹವಣು ಅನ್ನೋ ಚಿನ್ನದ ಕಾಸಿನ ಮೇಲೆ ಬಂದಿದ್ದು, ಅದರ ಮೇಲೆ ಶ್ರೀ ಲಂಕಾವಿಭು ಅಂತ ನಾಗರೀಲಿ ಇರುತ್ತೆ, ತೂಕ 20 ಮಂಜಾಡಿ ಬೀಜದಷ್ಟು, ಅಂದ್ರೆ ನಾಲ್ಕು ಗ್ರಾಂ ಚಿಲ್ಲರೆ. ರಾಜರಾಜ 993ರ ಹೊತ್ತಿಗೆ ಅನುರಾಧಪುರ ಹಾಳು ಮಾಡಿ ದ್ವೀಪದ ಉತ್ತರ ಭಾಗ ಹಿಡ್ಕೊಂಡ, ಆ ಅಚ್ಚನ್ನ ತನ್ನ ಹೆಸರಿಗೆ ಬಳಸ್ಕೊಂಡ, ತಾಮ್ರದಲ್ಲಿ ರಾಶಿ ರಾಶಿ ಹೊಡೆಸಿದ. ಆಮೇಲೆ 1070ರಲ್ಲಿ ಚೋಳರನ್ನ ಓಡಿಸಿದ ಮೊದಲನೇ ವಿಜಯಬಾಹು ಮತ್ತೆ ಅದೇ ಅಚ್ಚಿನಲ್ಲಿ ತನ್ನ ಹೆಸರು ಹಾಕ್ಕೊಂಡ, ಅಲ್ಲಿಂದ ಇನ್ನೂರು ವರ್ಷ ಬಂದವರೆಲ್ಲ ಹೆಸರು ಮಾತ್ರ ಬದಲಾಯಿಸ್ತಾ ಹೋದ್ರು. ಗೆದ್ದವನು ಸೋತವನ ಕಾಸು ನಕಲು ಮಾಡಿದಾನೆ ಅನ್ನೋದು ನನಗೆ ರಾತ್ರಿಯೆಲ್ಲಾ ತಲೇಲಿ ತಿರುಗ್ತಿತ್ತು. ಅದೇ ರಾಜರಾಜನ ಕಾಲದಲ್ಲೇ ತಾನೇ 1004ರ ಸುಮಾರಿಗೆ ನಮ್ಮ ತಲಕಾಡು ಗಂಗರ ಕೈತಪ್ಪಿ ಚೋಳರ ಪಾಲಾಗಿ ರಾಜರಾಜಪುರ ಅಂತ ಹೆಸರಾಗಿದ್ದು. ತಲಕಾಡಿನ ಮರಳು, ಪೊಲೊನ್ನರುವದ ಕಲ್ಲು, ಎರಡೂ ಕಡೆ ಒಬ್ಬನದೇ ಆಳ್ವಿಕೆ.

ಈಗ ನನ್ನ ಸ್ವಂತ ಪೆಟ್ಟಿನ ಕಥೆ ಹೇಳ್ಬೇಕು. ಎರಡನೇ ಸಲ ಹೋದಾಗ ನಾನು ಆನ್‌ಲೈನಲ್ಲಿ ಒಬ್ಬರ ಹತ್ರ 900 ರೂಪಾಯಿ ಕೊಟ್ಟು ತರಿಸಿದ್ದ ರಾಜರಾಜ ಕಾಸನ್ನ ಖುಷಿಯಾಗಿ ಜೇಬಲ್ಲಿ ಹಾಕ್ಕೊಂಡು ಹೋಗಿದ್ದೆ. ಯಜಮಾನ್ರು ಭೂತಗನ್ನಡಿ ಮುಟ್ಟೋಕೆ ಮುಂಚೆನೇ ತಕ್ಕಡಿಗೆ ಹಾಕಿದ್ರು, 3.1 ಗ್ರಾಂ. ಅವರ ಡಬ್ಬೀಲಿದ್ದ ಮೂರು ಕಾಸು ತೂಗಿದ್ರು, ಮೂರೂ 4ರ ಅಕ್ಕಪಕ್ಕ. ಆಮೇಲೆ ಅಂಚನ್ನ ಬೆಳಕಿಗೆ ಹಿಡಿದು, ಇಲ್ಲಿ ಉಗುರು ಓಡಿಸು ಅಂದ್ರು. ಓಡಿಸಿದೆ, ಸುತ್ತಲೂ ಒಂದು ತೆಳ್ಳಗಿನ ಗೆರೆ ಉಗುರಿಗೆ ಸಿಗ್ತು, ಎರಡು ಅರ್ಧ ಅಚ್ಚು ಸೇರಿಸಿ ಎರಕ ಹೊಯ್ದಾಗ ಬರೋ ಗೆರೆ. ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು, ದೋಸೆ ಮೇಲೆ ಬರ್ತಾವಲ್ಲ ಹಾಗೆ, ಅದು ಗಾಳಿಗುಳ್ಳೆ. ಸಾವಿರ ವರ್ಷದ ಹಿಂದೆ ಇವನ್ನ ಸುತ್ತಿಗೇಲಿ ಹೊಡೆದು ಅಚ್ಚೊತ್ತಿದ್ದು, ಹೊಡೆದ ಕಾಸಿಗೆ ಗುಳ್ಳೆ ಬರಲ್ಲ. ನನಗೆ ಇನ್ನೂ ಅನುಮಾನ ಇತ್ತು. ಅವರು ಇನ್ನೊಂದು ಡ್ರಾಯರ್ ಎಳೆದು, ಇನ್ಯಾರೋ ಗಿರಾಕಿ ಬಿಟ್ಟುಹೋಗಿದ್ದ ಕಾಸೊಂದನ್ನ ನನ್ನದರ ಪಕ್ಕ ಇಟ್ರು. ನಿಂತ ರಾಜನ ಎಡ ಭುಜದ ಹತ್ರ ಒಂದು ಕಚ್ಚು, ಎರಡರಲ್ಲೂ ಅದೇ ಜಾಗದಲ್ಲಿ, ಅದೇ ಅಳತೆ. ಒಂದೇ ಅಚ್ಚಿನ ಮಕ್ಕಳು. ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಅದೇ ದಿನ ಅವರು ನನಗೆ ಒಳ್ಳೇ ರಾಜರಾಜ ಕಾಸೊಂದನ್ನ 250ಕ್ಕೆ ಕೊಟ್ರು, ಅದು ಸಿಗದೇ ಇರೋ ವಸ್ತುವೇನಲ್ಲ, 900 ಕೊಟ್ಟಿದ್ದೇ ತಪ್ಪು ಅಂತಲೂ ಹೇಳಿದ್ರು.

ಆಮೇಲೆ ಅವರು ಹೇಳಿದ ಎರಡು ಕಥೆ ಹಿಂಗೇ ಕಾಸು ಪರೀಕ್ಷೆ ಮಾಡೋದರ ಮೇಲೆ. ರೋಮಿನ ಪ್ಲಿನಿ ಬರೆದಿಟ್ಟಿದ್ದು ಒಂದು, ಕ್ಲಾಡಿಯಸ್ ಚಕ್ರವರ್ತಿ ಕಾಲದಲ್ಲಿ ಆನಿಯಸ್ ಪ್ಲೊಕಾಮಸ್ ಅನ್ನೋನ ಆಳು ಒಬ್ಬ ಗಾಳಿಗೆ ಸಿಕ್ಕಿ ಲಂಕೆ ತೀರಕ್ಕೆ ಬಂದು ಬಿದ್ದ, ಅವನ ಹತ್ರ ಇದ್ದ ಬೆಳ್ಳಿ ನಾಣ್ಯಗಳ ಮೇಲೆ ಬೇರೆ ಬೇರೆ ರಾಜರ ಮುಖ ಇದ್ರೂ ತೂಕ ಎಲ್ಲ ಒಂದೇ ಇರೋದು ಕಂಡು ಅಲ್ಲಿನ ದೊರೆ ರೋಮನ್ನರು ನಂಬಿಕಸ್ತರು ಅಂತ ಮೆಚ್ಚಿ ಅವರ ರಾಜಧಾನಿಗೆ ದೂತರನ್ನ ಕಳಿಸಿದ ಅಂತ. ಇನ್ನೊಂದು ಕಥೆಗೆ ಮುಂಚೆ ಅವರು ನನ್ನ ಕೈಗೆ ಒಂದು ಬೆಳ್ಳಿ ತಂತಿ ಕೊಟ್ರು. ಮೀನಿನ ಗಾಳದ ಕೊಕ್ಕೆ ಥರ ಬಗ್ಗಿಸಿರೋದು, ಮೇಲೆ ಅರಬ್ಬಿ ಥರದ ಗೀಚು. ಇದೂ ದುಡ್ಡೇ! ಲಾರಿನ್ ಅಂತಾರೆ, ಪರ್ಷಿಯಾದ ಲಾರ್ ಅನ್ನೋ ಊರಿಂದ ಬಂದ ಹೆಸರು, ತಂತಿಯನ್ನ ಮಡಿಸಿ ಮುದ್ರೆ ಒತ್ತೋದು, ಲಂಕೆಯವರು ಅದನ್ನ ಕೊಕ್ಕೆಯಾಗಿ ಬಗ್ಗಿಸ್ಕೊಂಡ್ರು. 1660ರಿಂದ ಹತ್ತೊಂಬತ್ತು ವರ್ಷ ಕ್ಯಾಂಡಿ ರಾಜ್ಯದಲ್ಲಿ ಸೆರೆ ಇದ್ದ ಇಂಗ್ಲಿಷ್ ನಾವಿಕ ರಾಬರ್ಟ್ ನಾಕ್ಸ್ ಇದರ ಬಗ್ಗೆ ಬರೆದಿದಾನೆ: ಈ ಕೊಕ್ಕೆ ದುಡ್ಡನ್ನ ರಾಜನ ಅಪ್ಪಣೆ ಮೇಲೆ ಯಾರು ಬೇಕಾದ್ರೂ ಮಾಡ್ಕೋಬಹುದಿತ್ತು, ಬೆಳ್ಳಿ ಮೇಲೆ ಅನುಮಾನ ಬಂದ್ರೆ ಕೆಂಪಗೆ ಕಾಯಿಸಿ ನೀರಿಗೆ ಹಾಕೋರು, ಅಚ್ಚ ಬಿಳಿ ಬರ್ಲಿಲ್ಲ ಅಂದ್ರೆ ಆ ದುಡ್ಡು ನಡೆಯಲ್ಲ. ರಾಜನದ್ದೇ ಆದ ಕಾಸು ಬೇರೆ, ಅದನ್ನ ಬೇರೆ ಯಾರಾದ್ರೂ ಹೊಡೆದ್ರೆ ತಲೆ ಹೋಗೋದು, ಅದರ ಹೆಸರು ಪೊನ್ನಂ, ಜರಿ ಚುಕ್ಕಿಯಷ್ಟು ಸಣ್ಣದು, 75 ಸೇರಿದ್ರೆ ಒಂದು ಸ್ಪೇನ್ ಡಾಲರ್.

ಈ ಪೊನ್ನಂ ಯಾವುದು ಗೊತ್ತಾ, ಪಣ. ನಮ್ಮ ಹಣ! ನಾವು ದಿನಾ ಹಣ ಹಣ ಅಂತೀವಲ್ಲ, ಅದು ಒಂದು ಕಾಸಿನ ಹೆಸರು. ಯಜಮಾನ್ರು ಪಕ್ಕದ ಟ್ರೇಯಿಂದ ಕಂಠೀರಾಯಿ ಹಣ ಒಂದನ್ನ ತೆಗೆದು ತೋರಿಸಿದ್ರು, ನಮ್ಮ ರಣಧೀರ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಇಟ್ಟು ಹೊಡೆಸಿದ ಚಿನ್ನದ ಕಾಸು, ಕಡಲೆಬೇಳೆಗಿಂತ ಸಣ್ಣದು, ಅದರಲ್ಲೇ ನರಸಿಂಹ ಕೂತಿದಾನೆ. ಉಸಿರು ಜೋರಾಗಿ ಬಿಡ್ಬೇಡ ಹಾರೋಗುತ್ತೆ ಅಂದ್ರು. ಅವರು 1659ರವರೆಗೆ ಆಳಿದವರು, ಮಾರನೇ ವರ್ಷ ನಾಕ್ಸ್ ಅಲ್ಲಿ ಸೆರೆ ಸಿಕ್ಕಿದ್ದು, ಅಂದ್ರೆ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಇಲ್ಲೂ ಅಲ್ಲೂ ಜನ ಒಂದೇ ಹೆಸರಿನ ಚೂರು ಕಾಸು ಎಣಿಸ್ತಾ ಇದ್ರು.

ಡಚ್ಚರ ಕಾಸು ಡಬ್ಬೀಲಿ ಜಾಸ್ತಿ ಇರಲಿಲ್ಲ. ದಪ್ಪಗೆ, ಒರಟಾಗಿ, ತಾಮ್ರದ ಸಲಾಕೆ ತುಂಡು ಮಾಡಿ ಗುದ್ದಿದ ಹಾಗಿರೋ ಸ್ಟೈವರ್‌ಗಳು, ಡಚ್ ಕಂಪನಿ ಗುರುತಿನ ಮೇಲೆ ಒಂದು ಅಕ್ಷರ, ಸಿ ಇದ್ರೆ ಕೊಲಂಬೊ, ಜಿ ಇದ್ರೆ ಗಾಲೆ, ಟಿ ಇದ್ರೆ ತ್ರಿಂಕೋಮಲಿ. 1796ರಲ್ಲಿ ಕೊಲಂಬೊ ಡಚ್ಚರಿಂದ ಇಂಗ್ಲಿಷರ ಕೈಗೆ ಹೋಯ್ತು, ಅವರೂ ಮೊದಮೊದಲು ಡಚ್ಚರ ಲೆಕ್ಕನೇ ಇಟ್ಕೊಂಡ್ರು, 48 ಸ್ಟೈವರಿಗೆ ಒಂದು ರಿಕ್ಸ್‌ಡಾಲರ್, ಆದ್ರೆ ಕಾಸಿನ ಮೇಲೆ ಆನೆ ತಂದ್ರು. 1801ರಿಂದ ಶುರುವಾಗೋ ಆ ಆನೆ ಕಾಸಿನ ಪಕ್ಕ ಯಜಮಾನ್ರು ಟಿಪ್ಪುವಿನ ಪಟ್ಟಣ ಟಂಕಸಾಲೆಯ ಆನೆ ಕಾಸು ಇಟ್ರು. ಟಿಪ್ಪುವಿನ ಆನೆ ಸೊಂಡಿಲು ಬೀಸ್ಕೊಂಡು ಮೈತುಂಬ ಇದೆ, ಸಿಲೋನ್ ಆನೆ ಬಡಕಲು, ನನ್ನ ಮಗಳು ಬಿಡಿಸಿದ ಹಾಗಿದೆ. ನನ್ನ ಓಟು ಪಟ್ಟಣದ ಆನೆಗೆ.

ಪಟ್ಟಣ ಅಂದಾಗ ಇನ್ನೊಂದು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆ ಮೇಲೆ ಇಂಗ್ಲಿಷರ ಗ್ಯಾರಿಸನ್ ಸ್ಮಶಾನ ಇದೆಯಲ್ಲ, ನಾನು ಚಿಕ್ಕೋನಿದ್ದಾಗಿಂದ ನೋಡಿದೀನಿ, ಅಲ್ಲಿ ಡಿ ಮ್ಯೂರನ್ ರೆಜಿಮೆಂಟ್ ಅಂತ ಕಲ್ಲುಗಳಿವೆ. ಅವರು ಸ್ವಿಸ್ ಜನ, ಸಿಲೋನ್‌ನಲ್ಲಿ ಡಚ್ಚರ ಸಂಬಳಕ್ಕಿದ್ದ ಪಡೆ, 1795ರಲ್ಲಿ ಇಂಗ್ಲಿಷರ ಕಡೆ ಬಂದು 1799ರ ಪಟ್ಟಣದ ಮುತ್ತಿಗೇಲಿ ಟಿಪ್ಪು ವಿರುದ್ಧ ಇದ್ದವರು. ಯಜಮಾನ್ರು ಇದನ್ನ ಹೇಳೋವರೆಗೂ ಆ ಕಲ್ಲುಗಳಿಗೂ ಈ ಡಬ್ಬಿಗೂ ಸಂಬಂಧ ಇದೆ ಅಂತ ಯಾರು ಅಂದ್ಕೋತಾರೆ. ಡಬ್ಬೀಲಿರೋ ಒರಟು ಸ್ಟೈವರ್ ನಡೀತಿದ್ದ ಪೇಟೆಗಳಲ್ಲೇ ಓಡಾಡಿದವರು ಈಗ ಕಾವೇರಿ ಪಕ್ಕ ಮಲಗಿದಾರೆ.

ಹಂಗಂತ ಎಲ್ಲಾ ಚೆನ್ನಾಗಿದೆ ಅಂತಲ್ಲ, ಇವರ ಹತ್ರ ನನಗೆ ಇಷ್ಟ ಆಗ್ದೇ ಇರೋದೂ ಇದೆ. ಕಾಸುಗಳನ್ನ ಮೆತ್ತಗಿನ ಪ್ಲಾಸ್ಟಿಕ್ ಕವರಲ್ಲಿ ಹಾಕಿಡ್ತಾರೆ, ಆ ಪ್ಲಾಸ್ಟಿಕ್ ವರ್ಷಗಟ್ಲೆ ಆದ್ರೆ ಅಂಟಂಟಾಗಿ ತಾಮ್ರಕ್ಕೆ ಹಸಿರು ಹಿಡಿಸುತ್ತೆ. 1870 ಅಂತ ಇಸವಿ ಅಚ್ಚಾಗಿರೋ ಒಂದು ಸೆಂಟಿನ ಕಾಸು, ತಾಳೆಮರದ ಚಿತ್ರ ಇರೋದು, ಎಷ್ಟು ಚೆನ್ನಾಗಿತ್ತು, ಮರದ ಗರಿ ಮೇಲೆಲ್ಲ ಹಸಿರು ಜಿಡ್ಡು. ನೋಡಿ ಸಂಕಟ ಆಯ್ತು, ಹೇಳಿದೆ, ಕಾಗದದ ಕವರಿಗೆ ಬದಲಾಯಿಸ್ತೀನಿ ಅಂದ್ರು, ಹೋದ ತಿಂಗಳು ಹೋದಾಗ ಅರ್ಧ ಬದಲಾಗಿತ್ತು. ಇನ್ನು ಅವರ ಹುಡುಗ ಒಬ್ಬ ಇದಾನೆ, ಹಳೇ ಸೆಂಟುಗಳನ್ನ ಹುಣಸೇಹಣ್ಣು ಹಾಕಿ ಉಜ್ಜಿ ಫಳಫಳ ಅನ್ನಿಸಿ ಮುಂದಿನ ಶೋಕೇಸಲ್ಲಿ ಇಟ್ಟಿದಾನೆ, ಅವನ್ನ ದಯವಿಟ್ಟು ತಗೋಬೇಡಿ, ಹೊಳಪಿಗೆ ಮರುಳಾದ್ರೆ ಕಾಸಿನ ಚರ್ಮ ಸುಲಿದಿರೋದನ್ನ ತಗೊಂಡ ಹಾಗೆ. ಚೀಟಿಗಳಲ್ಲೂ ತಪ್ಪಿದೆ. 1815ರ ಆನೆ ಸ್ಟೈವರ್ ಮೇಲೆ ಈಸ್ಟ್ ಇಂಡಿಯಾ ಕಂಪನಿ ಅಂತ ಬರೆದಿದ್ರು, ಸಿಲೋನ್ 1802ರಲ್ಲೇ ಕಂಪನಿ ಕೈಬಿಟ್ಟು ನೇರ ಇಂಗ್ಲೆಂಡ್ ರಾಜನ ಆಡಳಿತಕ್ಕೆ ಹೋಗಿತ್ತು, ಕಾಸಿನ ಮೇಲೇ ಮೂರನೇ ಜಾರ್ಜ್ ತಲೆ ಇದೆ. ತೋರಿಸಿದ ತಕ್ಷಣ ಹೊಡೆದುಹಾಕಿ ಬರೆದ್ರು, ಬೇಜಾರು ಮಾಡ್ಕೊಳ್ಲಿಲ್ಲ. ಬಿಲ್ಲು ಕೇಳಿದ್ರೆ ಮಾತ್ರ ಕೊಡ್ತಾರೆ, ಕೇಳಿ ತಗೊಳ್ಳಿ. ನೂರು ವರ್ಷ ದಾಟಿದ ಕಾಸನ್ನ ದೇಶದಿಂದ ಆಚೆ ತಗೊಂಡು ಹೋಗೋ ಹಾಗಿಲ್ಲ, ವಿದೇಶದಲ್ಲಿರೋ ನೆಂಟರಿಗೆ ಗಿಫ್ಟ್ ಕೊಡೋ ಪ್ಲಾನ್ ಇದ್ರೆ ಬಿಟ್ಬಿಡಿ.

ನಾನು ತಗೊಂಡಿದ್ದು ಒಟ್ಟು ನಾಲ್ಕು: ರಾಜರಾಜ 250, ಲೀಲಾವತಿ 800, ಒಂದು ಅರ್ಧ ಸೆಂಟು 120, ಮತ್ತೆ 1957ರ ಎರಡು ಸೆಂಟು, ಅಂಚು ಹೂವಿನ ಎಸಳಿನ ಥರ ಇರೋದು, ಎಲಿಜಬೆತ್ ರಾಣಿ ತಲೆ ಇದೆ, 60 ರೂಪಾಯಿ. ಲಾರಿನ್‌ಗೆ 4500 ಹೇಳಿದ್ರು, ನನ್ನ ಕೈಲಾಗಲ್ಲ, ಆದ್ರೂ ಪ್ರತಿ ಸಲ ಹೋದಾಗ ಕೊಡ್ತಾರೆ, ಹಿಡಿದು ನೋಡಿ ವಾಪಸ್ ಕೊಡ್ತೀನಿ. ನಮ್ಮ ಚೌಕದ ಐದು ಸೆಂಟಿಗೆ ಎಷ್ಟು ಸಿಗುತ್ತೆ ಅಂತ ಅಪ್ಪ ಕೇಳ್ಸಿದ್ರು, ಮಾರ್ಕೆಟ್ಟಲ್ಲಿ ಐವತ್ತು ಅರವತ್ತು, ಮಾರ್ಬೇಡ ಗಲ್ಲಾದಲ್ಲೇ ಇಡು ಅಂದ್ರು ಯಜಮಾನ್ರು. ಅಲ್ಲೇ ಇದೆ.

ಭಾನುವಾರ ರಜ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತೆ, ಫೋನ್‌ಪೇ ನಡೆಯುತ್ತೆ. ಮಂಡ್ಯ ಕಡೆಯವರು ಬೆಳಿಗ್ಗೆ ರೈಲಿಗೆ ಬಂದ್ರೆ ಹತ್ತೂವರೆಗೆ ಹೋಗಿ, ಆಗ ಜನ ಇರಲ್ಲ, ಕೂರೋಕೆ ಸ್ಟೂಲ್ ಸಿಗುತ್ತೆ. ಜಾಫ್ನಾದ ಆರ್ಯಚಕ್ರವರ್ತಿಗಳ ಕಾಸೊಂದು ಬರೋದಿದೆಯಂತೆ, ಮೇಲೆ ಮಲಗಿರೋ ಬಸವ, ಕೆಳಗೆ ತಮಿಳಲ್ಲಿ ಸೇತು ಅಂತ ಬರೆದಿರುತ್ತೆ. ಬಂದ್ರೆ ಮೊದಲು ನನಗೆ ಫೋನ್ ಮಾಡಿ ಅಂತ ಹೇಳಿ ನಂಬರ್ ಬರೆಸಿ ಬಂದಿದೀನಿ.